ತಾರಸಿಯ ಆಂಟೆನಾ ಮತ್ತು ಇನ್ನೂರು ಅಡಿಯ ತಕರಾರು

ಘಾಟ್‌ಕೋಪರ್ ಪಶ್ಚಿಮದ ನಮ್ಮ ಮನೆಯಲ್ಲಿ ಫೋನಿನ ಮಾತಿಗೊಂದು ಲಯವಿದೆ. ವಿಮಾನ ತಲೆಯ ಮೇಲೆ ಬಂದಾಗ ಮಾವ ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಅದು ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಾರೆ. ಕಾರ್ಕಳದಲ್ಲಿರುವ ಅವರ ತಂಗಿಗೂ ಇದು ಎಷ್ಟು ರೂಢಿಯಾಗಿದೆಯೆಂದರೆ, ಆ ಕಡೆಯಿಂದ ಅವರೂ ಏನೂ ಕೇಳದೆ ಕಾಯುತ್ತಾರೆ. ಮುಂಬೈ ವಿಮಾನ ನಿಲ್ದಾಣದ ರನ್‌ವೇ 27ಕ್ಕೆ ಇಳಿಯುವ ವಿಮಾನಗಳು ಪೂರ್ವದಿಂದ ಥಾಣೆ ಖಾರಿಯನ್ನು ದಾಟಿ ಘಾಟ್‌ಕೋಪರಿನ ಮೇಲೆಯೇ ಹಾದುಹೋಗುವುದರಿಂದ, ಈ ಮನೆಗೆ ಬಂದ ಮೊದಲ ತಿಂಗಳು ನನಗೆ ನಿದ್ದೆ ಇರಲಿಲ್ಲ. ಎರಡನೆಯ ವರ್ಷದ ಎಂ.ಟೆಕ್. ಪ್ರಬಂಧಕ್ಕೆ ವಾಯು ಸಂಚಾರ ನಿರ್ವಹಣೆಯ ವಿಷಯವನ್ನು ಆರಿಸಿಕೊಂಡದ್ದು ಆ ನಿದ್ದೆಗೇಡಿನ ಸೇಡಿಗೋ ಏನೋ, ಖಚಿತವಾಗಿ ಹೇಳಲಾರೆ.

ಮಾರ್ಗದರ್ಶಕರಿಗೆ ನಾನು ಮೊದಲು ಒಯ್ದ ಪ್ರಸ್ತಾವದಲ್ಲಿ ಯಂತ್ರಕಲಿಕೆ, ಅತ್ಯುತ್ತಮೀಕರಣ ಮುಂತಾದ ದೊಡ್ಡ ಪದಗಳಿದ್ದವು. ಅವರು ಎರಡು ಪುಟ ಓದಿ ಕೇಳಿದ್ದು ಒಂದೇ ಪ್ರಶ್ನೆ: “ಇದಕ್ಕೆ ದತ್ತಾಂಶ ಎಲ್ಲಿಂದ ತರುತ್ತೀ?” ಸ್ವಿಟ್ಜರ್ಲೆಂಡಿನಲ್ಲಿ ನೋಂದಣಿಯಾಗಿರುವ ಓಪನ್‌ಸ್ಕೈ ನೆಟ್‌ವರ್ಕ್ ಎಂಬ ಲಾಭರಹಿತ ಸಂಸ್ಥೆ ಜಗತ್ತಿನಾದ್ಯಂತ ಸ್ವಯಂಸೇವಕರ ರಿಸೀವರ್‌ಗಳಿಂದ ಬಂದ ವಿಮಾನ ಸಂಕೇತಗಳನ್ನು ಕೂಡಿಟ್ಟು ಶೈಕ್ಷಣಿಕ ಸಂಶೋಧಕರಿಗೆ ಒದಗಿಸುತ್ತದೆ, ಅದನ್ನು ನಾನೂ ಬಳಸಿದ್ದೇನೆ. ಆದರೆ ಸ್ವಯಂಸೇವಕರ ಜಾಲದಲ್ಲಿ ಎತ್ತರದಲ್ಲಿ ಹಾರುವ ವಿಮಾನ ಸಿಕ್ಕಷ್ಟು ಸುಲಭವಾಗಿ ನೆಲಕ್ಕೆ ಹತ್ತಿರದ್ದು ಸಿಗುವುದಿಲ್ಲ, ಏಕೆಂದರೆ ಕಟ್ಟಡ ಮತ್ತು ಗುಡ್ಡಗಳು ಅಡ್ಡ ಬರುತ್ತವೆ. ನನಗೆ ಬೇಕಾಗಿದ್ದದ್ದು ಇಳಿಯುವ ಮುನ್ನಿನ ಕೊನೆಯ ಹತ್ತು ಮೈಲಿ. ಆ ಹತ್ತು ಮೈಲಿಯಾದರೋ ನಮ್ಮ ಕಟ್ಟಡದ ನೀರಿನ ಟ್ಯಾಂಕಿನ ಮೇಲೆಯೇ ಇತ್ತು.

ಮೇ ಕೊನೆಯ ವಾರ

ವಿಮಾನಗಳು 1090 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ತಮ್ಮ ಗುರುತು, ಸ್ಥಾನ, ಎತ್ತರ ಮತ್ತು ವೇಗಗಳನ್ನು ತಾವೇ ಸಾರುತ್ತಿರುತ್ತವೆ. ಈ ವ್ಯವಸ್ಥೆಯ ಹೆಸರು ಎಡಿಎಸ್-ಬಿ. ಸ್ಥಾನದ ಸಂದೇಶ ಸೆಕೆಂಡಿಗೆ ಸುಮಾರು ಎರಡು ಸಲ ಹೊರಡುತ್ತದೆ. ಒಂದೊಂದು ಸಂದೇಶ 112 ಬಿಟ್‌ಗಳದ್ದು. ಸಂದೇಶ ಬರುತ್ತಿದೆಯೆಂದು ಮೊದಲೇ ಸೂಚಿಸುವ 8 ಮೈಕ್ರೊಸೆಕೆಂಡ್ ಸೇರಿಸಿದರೂ ಇಡೀ ಸಂದೇಶ 120 ಮೈಕ್ರೊಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಅದರಲ್ಲಿ 24 ಬಿಟ್ ವಿಮಾನದ ವಿಳಾಸ, 56 ಬಿಟ್ ವಿಷಯ, ಕೊನೆಯ 24 ಬಿಟ್ ತಪ್ಪು ಪತ್ತೆಗೆ. ಗೂಢಲಿಪಿ ಏನೂ ಇಲ್ಲ. ದೂರದರ್ಶನ ನೋಡಲೆಂದು ತಯಾರಾದ ಯುಎಸ್‌ಬಿ ಡಾಂಗಲ್ಲಿನ ಚಿಪ್ಪನ್ನು ಸಾಮಾನ್ಯ ರೇಡಿಯೊ ರಿಸೀವರ್ ಆಗಿ ಬಳಸಬಹುದೆಂದು 2012ರ ಸುಮಾರಿಗೆ ಹವ್ಯಾಸಿಗಳು ಕಂಡುಕೊಂಡ ಮೇಲೆ, ಇದನ್ನು ಕೇಳಿಸಿಕೊಳ್ಳಲು ಲಕ್ಷಗಟ್ಟಲೆ ಬೆಲೆಯ ಉಪಕರಣ ಬೇಕಾಗಿಲ್ಲ. ನಾನು ಕೊಂಡದ್ದು ಅಂಥ ಒಂದು ಡಾಂಗಲ್ ಮತ್ತು ಅಂಗೈಯಗಲದ ಒಂದು ಹಳೆಯ ಕಂಪ್ಯೂಟರ್, ರಾಸ್ಪ್‌ಬೆರಿ ಪೈ 4. ಸಂಕೇತ ಬಿಡಿಸಲು ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ ಬರೆದ ಡಂಪ್1090 ತಂತ್ರಾಂಶದಿಂದ ಬೇರೆಯವರು ಬೆಳೆಸಿದ ಒಂದು ಕವಲು ಸಾಕಾಯಿತು.

ಆಂಟೆನಾವನ್ನು ಮನೆಯಲ್ಲೇ ಮಾಡಿದೆ. 1090 ಮೆಗಾಹರ್ಟ್ಸ್ ಎಂದರೆ ತರಂಗದ ಉದ್ದ ಸುಮಾರು 275 ಮಿಲಿಮೀಟರ್, ಅದರ ಕಾಲು ಭಾಗ 69 ಮಿಲಿಮೀಟರ್. ತಾಮ್ರದ ತಂತಿಯನ್ನು ಲೆಕ್ಕಕ್ಕಿಂತ ತುಸು ಗಿಡ್ಡಗೆ, 66 ಮಿಲಿಮೀಟರಿಗೆ ಕತ್ತರಿಸಿ ನೆಟ್ಟಗೆ ನಿಲ್ಲಿಸಿದೆ. ಬುಡದಲ್ಲಿ ಅಷ್ಟೇ ಉದ್ದದ ನಾಲ್ಕು ತಂತಿಗಳನ್ನು ಕೊಡೆಯ ಕಡ್ಡಿಗಳಂತೆ 45 ಡಿಗ್ರಿ ಕೆಳಕ್ಕೆ ಬಾಗಿಸಿದೆ. ಬೆಸುಗೆಗೆ ಅರ್ಧ ಗಂಟೆ ಹಿಡಿಯಿತು. ಸೊಸೈಟಿಯ ಅನುಮತಿಗೆ ಎರಡು ವಾರ ಹಿಡಿಯಿತು. ಕಾರ್ಯದರ್ಶಿಯವರು ಅದನ್ನು ಮೊಬೈಲ್ ಟವರಿನ ಮರಿಯೆಂದೇ ತಿಳಿದು, ವಿಕಿರಣದಿಂದ ಮೂರನೆಯ ಮಹಡಿಯ ಮುದುಕರಿಗೆ ತೊಂದರೆಯಾದರೆ ಹೊಣೆ ಯಾರೆಂದು ಕೇಳಿದರು. ಇದು ಕಿವಿ ಮಾತ್ರ, ಬಾಯಿಲ್ಲ ಎಂದು ಮಾವ ಮರಾಠಿಯಲ್ಲಿ ವಿವರಿಸಿದ ಮೇಲೆ ಒಪ್ಪಿದರು. ಹೋಗುವಾಗ, ಕೇಬಲ್ ಟಿವಿ ಪುಕ್ಕಟೆಯಾಗಿ ಬರುತ್ತದೆಯೇ ಎಂದೂ ವಿಚಾರಿಸಿಕೊಂಡರು.

ಮೊದಲ ದಿನ ಡಾಂಗಲ್ಲನ್ನು ಕೋಣೆಯಲ್ಲಿಟ್ಟು, ತಾರಸಿಯಿಂದ 15 ಮೀಟರ್ ತೆಳು ಕೇಬಲ್ ಇಳಿಸಿದೆ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯಾತ “ಎಲ್ಲದಕ್ಕೂ ಆಗುತ್ತದೆ” ಎಂದು ಕೊಟ್ಟ ಆ ಕೇಬಲ್ ಆರ್‌ಜಿ-58 ಜಾತಿಯದು. ಈ ಕಂಪನಾಂಕದಲ್ಲಿ ಅದು ಮೀಟರಿಗೆ ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ನುಂಗುತ್ತದೆ. 15 ಮೀಟರಿಗೆ ಸುಮಾರು 9 ಡೆಸಿಬೆಲ್, ಅಂದರೆ ಬಂದ ಶಕ್ತಿಯ ಎಂಟರಲ್ಲಿ ಏಳು ಪಾಲು ದಾರಿಯಲ್ಲೇ ಖರ್ಚು. ಆದ್ದರಿಂದ ಕ್ರಮವನ್ನೇ ತಿರುಗಿಸಿದೆ. ಡಾಂಗಲ್ ಮತ್ತು ಪೈ ಎರಡನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಟ್ಯಾಂಕಿನ ನೆರಳಿಗೆ ಕಟ್ಟಿ, ಆಂಟೆನಾದಿಂದ ಡಬ್ಬಿಗೆ ಎರಡೇ ಮೀಟರ್ ಆರ್‌ಜಿ-6 ಕೇಬಲ್ ಹಾಕಿದೆ. ಕೆಳಗಿನ ಮನೆಗೆ ಇಳಿದದ್ದು ಈಥರ್‌ನೆಟ್ ತಂತಿ. ಆರ್‌ಜಿ-6 ಟಿವಿಯ 75 ಓಮ್ ಕೇಬಲ್, ಡಾಂಗಲ್ ಬಯಸುವುದು 50 ಓಮ್ ಎಂದು ಆಕ್ಷೇಪಿಸುವವರಿದ್ದಾರೆ. ಆ ಹೊಂದಾಣಿಕೆಯ ಕೊರತೆಯಿಂದ ಆಗುವ ನಷ್ಟ ಒಂದು ಡೆಸಿಬೆಲ್‌ನ ಐದನೇ ಒಂದು ಭಾಗಕ್ಕೂ ಕಡಿಮೆ. ಅದಕ್ಕಾಗಿ ದುಬಾರಿ ಕೇಬಲ್ ಹುಡುಕುತ್ತಾ ಅಲೆಯಬೇಕಾಗಿಲ್ಲ.

ಇಷ್ಟಾದರೂ ಫಲಿತಾಂಶ ನೀರಸವಾಗಿತ್ತು. ನಮ್ಮ ತಾರಸಿಯ ಎತ್ತರದಿಂದ, 35,000 ಅಡಿಯಲ್ಲಿ ಹಾರುವ ವಿಮಾನವೊಂದು ನೇರ ದೃಷ್ಟಿರೇಖೆಯ ಲೆಕ್ಕದಲ್ಲಿ ಅರಬ್ಬಿ ಸಮುದ್ರದ ಮೇಲೆ 240 ನಾಟಿಕಲ್ ಮೈಲಿಯವರೆಗೂ ಕಾಣಬೇಕು (ಒಂದು ನಾಟಿಕಲ್ ಮೈಲಿ ಎಂದರೆ ಸುಮಾರು 1.85 ಕಿಲೊಮೀಟರ್; ಮುಂದೆ ಬರುವ ಮೈಲಿಗಳೆಲ್ಲ ಇವೇ). ನನಗೆ ಎಂಬತ್ತು ಮೈಲಿ ದಾಟುತ್ತಿರಲಿಲ್ಲ. ರಿಸೀವರಿನ ವರ್ಧನೆಯನ್ನು ಗರಿಷ್ಠವಾದ 49.6 ಡೆಸಿಬೆಲ್‌ನಲ್ಲೇ ಇಟ್ಟಿದ್ದೆ. ದೂರದ್ದು ಕೇಳಬೇಕಾದರೆ ಕಿವಿಯನ್ನು ಪೂರ್ತಿ ತೆರೆಯಬೇಕೆಂಬುದು ಸಹಜ ತರ್ಕ. ಒಂದು ರಾತ್ರಿ ಬೇಸರಕ್ಕೆ ಅದನ್ನು ಹಂತಹಂತವಾಗಿ ಇಳಿಸುತ್ತಾ ಹೋದೆ. ಇಳಿಸಿದಂತೆಲ್ಲ ಸಂದೇಶಗಳ ಸಂಖ್ಯೆ ಏರಿತು. ಇದಕ್ಕೆ ಕಾರಣ ಎದುರು ಕಟ್ಟಡದ ನೆತ್ತಿಯಲ್ಲಿತ್ತು: ನಿಜವಾದ ಮೊಬೈಲ್ ಟವರ್. ಅದರ 900ರ ಪಟ್ಟಿಯ ಸಂಕೇತ 935ರಿಂದ 960 ಮೆಗಾಹರ್ಟ್ಸ್‌ವರೆಗೆ ಹರಡಿದೆ. 1090ಕ್ಕೆ ಅದು ನೆರೆಮನೆಯಷ್ಟು ಹತ್ತಿರ. ಡಾಂಗಲ್ ಬರೀ 8 ಬಿಟ್‌ಗಳಲ್ಲಿ ಅಳೆಯುವ ಬಡ ಯಂತ್ರವಾದ್ದರಿಂದ, ಆ ಅಬ್ಬರದ ಎದುರು ದೂರದ ವಿಮಾನದ ಪಿಸುಮಾತಿಗೆ ಅದರಲ್ಲಿ ಜಾಗವೇ ಉಳಿದಿರಲಿಲ್ಲ. 1090ರ ಸುತ್ತಲಿನ ಕಿರಿದಾದ ಪಟ್ಟಿಯನ್ನು ಮಾತ್ರ ಒಳಬಿಡುವ ಒಂದು ಎಸ್‌ಎಡಬ್ಲ್ಯು ಫಿಲ್ಟರ್ ತರಿಸಿ, ಅದನ್ನು ವರ್ಧಕದ ಮೊದಲು ಜೋಡಿಸಿದೆ. ನಂತರ ಜೋಡಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ಅಷ್ಟರಲ್ಲಿ ವರ್ಧಕವೇ ಕಿವುಡಾಗಿರುತ್ತದೆ. ಅಂದು ಸಂಜೆಯಿಂದ ಸಮುದ್ರದ ಕಡೆ ಇನ್ನೂರು ಮೈಲಿ ದಾಟಿ ಕಾಣತೊಡಗಿತು. ಪೂರ್ವಕ್ಕೆ ಮಾತ್ರ ಸಹ್ಯಾದ್ರಿಯ ಆಚೆ ತಗ್ಗಿನಲ್ಲಿರುವ ವಿಮಾನಗಳು ಈಗಲೂ ಸಿಗುವುದಿಲ್ಲ, ಅದಕ್ಕೆ ಫಿಲ್ಟರ್ ಇಲ್ಲ.

ಜೂನ್

ಮಳೆ ಬಂದ ನಾಲ್ಕನೆಯ ದಿನ ಎಲ್ಲವೂ ಸತ್ತುಹೋಯಿತು. ತಾರಸಿಗೆ ಹತ್ತಿ ನೋಡಿದರೆ ಕೇಬಲ್ಲಿನ ಕನೆಕ್ಟರಿನೊಳಗೆ ನೀರು; ಹೆಣೆದ ತಂತಿ ಹಸಿರುಗಟ್ಟಿತ್ತು. ತುದಿಯಿಂದ ಒಂದು ಗೇಣು ಕತ್ತರಿಸಿ ಎಸೆದು, ಹೊಸ ಕನೆಕ್ಟರ್ ಹಾಕಿ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದೆ. ಹೆಂಚು ಹೊದಿಸುವ ಕ್ರಮವೇ ಇದಕ್ಕೂ: ಮೇಲಿನ ಸುತ್ತು ಕೆಳಗಿನದರ ಮೇಲೆ ಬೀಳಬೇಕು. ಡಬ್ಬಿಗೆ ಸೇರುವ ಮುನ್ನ ಕೇಬಲ್ ಒಮ್ಮೆ ಕೆಳಕ್ಕೆ ಬಾಗಿ ಮೇಲಕ್ಕೆ ಹೋಗುವಂತೆ ಮಾಡಿ, ಡಬ್ಬಿಯ ತಳದಲ್ಲಿ ಒಂದು ತೂತು ಕೊರೆದೆ. ಆಮೇಲೆ ಇಡೀ ಮಳೆಗಾಲ ಆ ಕಡೆ ನೋಡಬೇಕಾಗಲಿಲ್ಲ.

ಆ ವಾರಗಳಲ್ಲಿ ತಂತ್ರಾಂಶದ ಕೆಲಸಕ್ಕೆ ಕುಳಿತೆ. ಸಿಮ್ಯುಲೇಷನ್‌ಗೆ ಆರಿಸಿಕೊಂಡದ್ದು ಬ್ಲೂಸ್ಕೈ. ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯಾಕೊ ಹೂಕ್‌ಸ್ಟ್ರಾ ಮತ್ತು ಯೂಸ್ಟ್ ಎಲ್ಲರ್‌ಬ್ರೂಕ್ ಅವರ ತಂಡ ಪೈಥಾನಿನಲ್ಲಿ ಬರೆದು ಮುಕ್ತವಾಗಿ ಬಿಟ್ಟಿರುವ ವಾಯು ಸಂಚಾರ ಸಿಮ್ಯುಲೇಟರ್ ಅದು. ವಿಮಾನಗಳ ಏರಿಳಿತ ಮತ್ತು ಇಂಧನದ ಲೆಕ್ಕಕ್ಕೆ ಯೂರೋಪಿನ ಯೂರೋಕಂಟ್ರೋಲ್ ಸಂಸ್ಥೆಯ ಬಾಡಾ ಎಂಬ ದತ್ತಸಂಚಯ ಪ್ರಸಿದ್ಧ, ಆದರೆ ಅದಕ್ಕೆ ಅರ್ಜಿ ಹಾಕಿ ಪರವಾನಗಿ ಪಡೆಯಬೇಕು. ಡೆಲ್ಫ್ಟ್‌ನವರದೇ ಆದ ಓಪನ್‌ಎಪಿಗೆ ಆ ಗೊಡವೆ ಇಲ್ಲ, ಪ್ರಬಂಧ ಓದಿದವರು ನನ್ನ ಪ್ರಯೋಗವನ್ನು ತಾವೂ ನಡೆಸಿ ನೋಡಬಹುದು. ಆ ಕಾರಣಕ್ಕೇ ಅದನ್ನು ಹಿಡಿದೆ. ಬಂದ ಸಂಕೇತಗಳಿಂದ ಪ್ರತಿ ವಿಮಾನದ ವಿಳಾಸ, ಮಾದರಿ, ಸ್ಥಾನ, ದಿಕ್ಕು, ಎತ್ತರ, ವೇಗಗಳನ್ನು ತೆಗೆದು, ಬ್ಲೂಸ್ಕೈಗೆ ಅರ್ಥವಾಗುವ ಸನ್ನಿವೇಶದ ಕಡತವಾಗಿ ಬರೆಯುವ ಒಂದು ಸಣ್ಣ ಪ್ರೋಗ್ರಾಂ ಬರೆದೆ.

ಮೊದಲ ಸಲ ಓಡಿಸಿದಾಗ ಪರದೆಯ ಮೇಲೆ ಇಳಿಯುವ ಸಾಲಿನ ಪ್ರತಿಯೊಂದು ವಿಮಾನವೂ ಕಿತ್ತಳೆ ಬಣ್ಣಕ್ಕೆ ತಿರುಗಿತು. ಅಂದರೆ ಎಲ್ಲವೂ ಒಂದಕ್ಕೊಂದು ಅಪಾಯಕಾರಿಯಾಗಿ ಹತ್ತಿರ. ಮುಂಬೈಯ ನಿಯಂತ್ರಕರು ದಿನವಿಡೀ ಇಷ್ಟೊಂದು ಅವಘಡಗಳ ಅಂಚಿನಲ್ಲಿ ಕೆಲಸ ಮಾಡುತ್ತಾರೆಂದು ಒಂದು ಕ್ಷಣ ನಂಬಿಯೂ ಬಿಟ್ಟಿದ್ದೆ. ಬ್ಲೂಸ್ಕೈ ತಾನಾಗಿ ಇಟ್ಟುಕೊಳ್ಳುವ ಅಂತರ 5 ನಾಟಿಕಲ್ ಮೈಲಿ ಮತ್ತು 1,000 ಅಡಿ. ಅದು ಮಾರ್ಗಮಧ್ಯದ ಆಕಾಶಕ್ಕೆ ಸರಿಹೊಂದುವ ಅಳತೆ. ನಿಲ್ದಾಣದ ಸುತ್ತ ರಾಡಾರ್ ಅಡಿಯಲ್ಲಿ ಈ ಅಂತರವನ್ನು 3 ಮೈಲಿಯವರೆಗೆ ಇಳಿಸಬಹುದು. ಒಂದು ಸಾಲಿನ ಆದೇಶದಿಂದ ಅದನ್ನು ಬದಲಾಯಿಸಿದ ಕೂಡಲೇ ಪರದೆ ಹಸಿರಾಯಿತು.

ಜುಲೈ

ಮೂರು ವಾರ ತಿಂದ ತೊಂದರೆ ಇದರ ನಂತರದ್ದು. ರನ್‌ವೇ 27ರ ಹೊಸ್ತಿಲಿನಿಂದ (ವಿಮಾನ ಇಳಿಯುವ ತುದಿಯಿಂದ) 5 ನಾಟಿಕಲ್ ಮೈಲಿ ಪೂರ್ವಕ್ಕೆ, ಅಂದರೆ ಖಾರಿಯ ಆಸುಪಾಸಿನಲ್ಲಿ, ನಾನು ನಕ್ಷೆಯ ಮೇಲೆ ಒಂದು ಗೆರೆ ಎಳೆದು ಅದನ್ನು ಬಾಗಿಲು ಎಂದು ಕರೆಯುತ್ತಿದ್ದೆ. ಪ್ರತಿ ವಿಮಾನ ಅದನ್ನು ದಾಟುವ ಹೊತ್ತು ಮತ್ತು ಎತ್ತರವನ್ನು ದಾಖಲಿಸುತ್ತಿದ್ದೆ. ಸಿಮ್ಯುಲೇಷನ್ನಿನಲ್ಲಿ ನಾನು ಇಟ್ಟಿದ್ದ 3 ಡಿಗ್ರಿ ಇಳಿಜಾರಿನ ಪ್ರಕಾರ, ಪ್ರತಿ ಮೈಲಿಗೆ 318 ಅಡಿಯಂತೆ, ಹೊಸ್ತಿಲಿನ ಮೇಲಿನ 50 ಅಡಿ ಮತ್ತು ನಿಲ್ದಾಣದ ಸುಮಾರು 40 ಅಡಿ ಸೇರಿ, ಆ ಬಾಗಿಲಿನಲ್ಲಿ ಸಮುದ್ರಮಟ್ಟದಿಂದ ಎತ್ತರ ಹೆಚ್ಚುಕಡಿಮೆ 1,680 ಅಡಿ ಇರಬೇಕು. ಬರುತ್ತಿದ್ದ ಸಂಕೇತ ಹೇಳುತ್ತಿದ್ದದ್ದು 1,900. ಒಂದು ವಿಮಾನವಲ್ಲ, ಒಂದು ಕಂಪನಿಯದಲ್ಲ, ಎಲ್ಲವೂ.

ಪ್ರೋಗ್ರಾಮಿನಲ್ಲಿ ತಪ್ಪಿದೆಯೆಂದು ಎತ್ತರ ಬಿಡಿಸುವ ಸಾಲುಗಳನ್ನು ಮೂರು ಸಲ ಬರೆದೆ. ಆ ಸಂಖ್ಯೆಗೆ ಸೂತ್ರ ಸರಳ: ಸಂದೇಶದ ಬಿಟ್‌ಗಳನ್ನು 25ರಿಂದ ಗುಣಿಸಿ 1,000 ಕಳೆದರೆ ಅಡಿಗಳು. ತಪ್ಪಲು ಅಲ್ಲಿ ಜಾಗವೇ ಇಲ್ಲ. ಆಗ ವೇಗದ ಸಂದೇಶದಲ್ಲಿ ಮೂಲೆಯಲ್ಲಿ ಕುಳಿತಿರುವ ಇನ್ನೊಂದು ಸಂಖ್ಯೆಯ ನೆನಪಾಯಿತು. ಉಪಗ್ರಹದಿಂದ ಅಳೆದ ಎತ್ತರಕ್ಕೂ ವಾಯುಭಾರದಿಂದ ಅಳೆದ ಎತ್ತರಕ್ಕೂ ಇರುವ ವ್ಯತ್ಯಾಸವನ್ನು ವಿಮಾನವೇ ಅಲ್ಲಿ ತಿಳಿಸುತ್ತದೆ. ಅದನ್ನು ಬಿಡಿಸಿದರೆ 425 ಅಡಿ ಕಡಿಮೆ ಎಂದು ಬಂತು, ಅಂದರೆ ಉಪಗ್ರಹದ ಪ್ರಕಾರ 1,475 ಅಡಿ. ಈಗ ತಕರಾರು ಪೂರ್ಣವಾಯಿತು: ಒಂದೇ ವಿಮಾನ, ಒಂದೇ ಕ್ಷಣದಲ್ಲಿ, ಒಂದು ಸಾಕ್ಷಿಯ ಪ್ರಕಾರ ಇಳಿಜಾರಿಗಿಂತ ಇನ್ನೂರು ಅಡಿ ಮೇಲೆ, ಇನ್ನೊಂದು ಸಾಕ್ಷಿಯ ಪ್ರಕಾರ ಇನ್ನೂರು ಅಡಿ ಕೆಳಗೆ.

ಬಿಡಿಸಿಕೊಂಡದ್ದು ಮೂರು ಪದರಗಳಲ್ಲಿ. ಎಡಿಎಸ್-ಬಿ ಸಾರುವ ಎತ್ತರ ಪೈಲಟ್ ತನ್ನ ಎತ್ತರಮಾಪಕದಲ್ಲಿ ನೋಡುವ ಎತ್ತರವಲ್ಲ. ಸಮುದ್ರಮಟ್ಟದ ಒತ್ತಡ ಯಾವಾಗಲೂ 1013.25 ಹೆಕ್ಟೊಪಾಸ್ಕಲ್ ಎಂದು ಹಿಡಿದು ಕೊಡುವ ಲೆಕ್ಕ. ಮುಂಬೈಯ ಮುಂಗಾರಿನಲ್ಲಿ ಒತ್ತಡ ಕುಸಿದಿರುತ್ತದೆ. ಆ ಬೆಳಿಗ್ಗೆಯ ಹವಾಮಾನ ವರದಿಯಲ್ಲಿದ್ದದ್ದು 1002. ಒಂದೊಂದು ಹೆಕ್ಟೊಪಾಸ್ಕಲ್ಲಿಗೆ ಸುಮಾರು 27 ಅಡಿಯಂತೆ ವಿಮಾನ ತಾನಿರುವುದಕ್ಕಿಂತ 300 ಅಡಿ ಮೇಲಿದ್ದೇನೆಂದು ಹೇಳುತ್ತದೆ. ಆ 300 ಕಳೆದರೆ 1,600 ಆಯಿತು, ಅಂದರೆ ಈಗ 80 ಅಡಿ ಕಡಿಮೆ. ಇದು ಸೆಖೆಯ ಪಾಲು. ಪ್ರಮಾಣಿತ ವಾತಾವರಣದಲ್ಲಿ ಸಮುದ್ರಮಟ್ಟದ ಉಷ್ಣತೆ 15 ಡಿಗ್ರಿ, ನಮ್ಮದು 30. ಬೆಚ್ಚಗಿನ ಗಾಳಿ ಉಬ್ಬಿ ನಿಂತಿರುವುದರಿಂದ ಅದೇ ಒತ್ತಡದ ಇಳಿಕೆಗೆ ವಿಮಾನ ಇನ್ನಷ್ಟು ಮೇಲೇರಬೇಕು. 288 ಕೆಲ್ವಿನ್‌ಗೆ 15ರ ಪ್ರಮಾಣದಲ್ಲಿ, ನಿಲ್ದಾಣದ ನೆಲದಿಂದ ಮೇಲಿನ 1,640 ಅಡಿಗೆ ಲೆಕ್ಕ ಹಾಕಿದರೆ 85 ಅಡಿ. ಅಲ್ಲಿಗೆ ಮೊದಲ ಸಾಕ್ಷಿಯ ಲೆಕ್ಕ ತೀರಿತು.

ಎರಡನೆಯ ಸಾಕ್ಷಿಗೆ ಭೂಮಿಯದೇ ಆಕಾರ ಕಾರಣ. ಉಪಗ್ರಹ ಎತ್ತರವನ್ನು ಅಳೆಯುವುದು ಸಮುದ್ರದಿಂದಲ್ಲ, ಗಣಿತದ ನಯವಾದ ಒಂದು ದೀರ್ಘವೃತ್ತಗೋಳದಿಂದ. ಹಿಂದೂ ಮಹಾಸಾಗರದಲ್ಲಿ, ಶ್ರೀಲಂಕಾದ ದಕ್ಷಿಣಕ್ಕೆ, ಗುರುತ್ವದ ಕೊರತೆಯಿಂದ ಸಮುದ್ರದ ಮೇಲ್ಮೈ ಆ ಗೋಳಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಆ ತಗ್ಗಿನ ಅಂಚು ನಮ್ಮ ಕರಾವಳಿಯನ್ನೂ ಒಳಗೊಳ್ಳುತ್ತದೆ. ಮುಂಬೈಯಲ್ಲಿ ಸಮುದ್ರ ಆ ಗೋಳಕ್ಕಿಂತ 60 ಮೀಟರಿಗೂ ಮಿಕ್ಕಿ ತಗ್ಗಿನಲ್ಲಿದೆ, ಅಂದರೆ ಹತ್ತಿರ ಹತ್ತಿರ 210 ಅಡಿ. 1,475ಕ್ಕೆ ಅದನ್ನು ಕೂಡಿಸಿದರೆ 1,685. ಎರಡೂ ಸಾಕ್ಷಿಗಳು ಐದಾರು ಅಡಿಯೊಳಗೆ ಒಂದೇ ಮಾತು ಹೇಳಿದ ಆ ರಾತ್ರಿ ಒಂದೂವರೆ ಗಂಟೆಗೆ ಮಾವನನ್ನು ಎಬ್ಬಿಸಿ, ನಾವು ಬದುಕುತ್ತಿರುವುದು ಒಂದು ದೊಡ್ಡ ತಗ್ಗಿನಲ್ಲಿ ಎಂದೆ. ಜುಲೈ ತಿಂಗಳಲ್ಲಿ ಅದನ್ನು ಹೇಳಲು ಇಂಜಿನಿಯರಿಂಗ್ ಓದಬೇಕೇ ಎಂದು ಮಗ್ಗುಲು ಬದಲಿಸಿದರು.

ಈ ತಿದ್ದುಪಡಿಯನ್ನು ಇಷ್ಟು ಉದ್ದಕ್ಕೆ ಬರೆದದ್ದಕ್ಕೆ ಕಾರಣವಿದೆ. ಎತ್ತರದ ದತ್ತಾಂಶವನ್ನು ತಿದ್ದದೆ ಹಾಗೆಯೇ ಸಿಮ್ಯುಲೇಟರಿಗೆ ಹಾಕಿದ್ದರೆ, ಮಳೆಗಾಲದಲ್ಲಿ ಮುಂಬೈಗೆ ಬರುವ ವಿಮಾನಗಳು ಚಳಿಗಾಲಕ್ಕಿಂತ ತಡವಾಗಿ ಇಳಿಯತೊಡಗುತ್ತವೆ, ಆದ್ದರಿಂದ ಇಂಧನ ಉಳಿಯುತ್ತದೆ ಎಂಬಂಥ ಒಂದು ಸುಂದರ ತೀರ್ಮಾನವನ್ನು ನಾನು ಪ್ರಬಂಧದಲ್ಲಿ ಬರೆದುಬಿಡುತ್ತಿದ್ದೆ, ಮತ್ತು ಅದನ್ನು ಸಮರ್ಥಿಸುವ ನಕ್ಷೆಗಳೂ ಚೆನ್ನಾಗಿಯೇ ಬರುತ್ತಿದ್ದವು.

ಆಗಸ್ಟ್‌ನಿಂದ ಈಚೆಗೆ

ಬಾಗಿಲು ನೆಟ್ಟಗಾದ ಮೇಲೆ ಹೊತ್ತಿನ ಲೆಕ್ಕಕ್ಕೆ ಬಂದೆ. ಮುಂಬೈಯಲ್ಲಿ 09/27 ಮತ್ತು 14/32 ಎಂಬ ಎರಡು ರನ್‌ವೇಗಳಿದ್ದರೂ (ರನ್‌ವೇಯ ಒಂದೊಂದು ತುದಿಗೆ ಒಂದೊಂದು ಸಂಖ್ಯೆ) ಅವು ಒಂದನ್ನೊಂದು ಕತ್ತರಿಸುವುದರಿಂದ ಒಂದು ಹೊತ್ತಿಗೆ ಒಂದೇ ಬಳಕೆಯಲ್ಲಿರುತ್ತದೆ. ಅಷ್ಟರಲ್ಲೇ 2018ರಲ್ಲಿ ಒಂದು ದಿನಕ್ಕೆ ಇಳಿದದ್ದೂ ಏರಿದ್ದೂ ಸೇರಿ ಸಾವಿರಕ್ಕೂ ಹೆಚ್ಚಾದ ದಾಖಲೆಯಿದೆ. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 46 ಎಂಬುದು ಪತ್ರಿಕೆಗಳಲ್ಲಿ ಪದೇಪದೇ ಬರುವ ಸಂಖ್ಯೆ. ಈ 46 ಎಲ್ಲಿಂದ ಬಂತೆಂದು ನನ್ನ ಸಿಮ್ಯುಲೇಷನ್ ಸುಲಭವಾಗಿ ತೋರಿಸಿತು. ಇಳಿಯುವ ವಿಮಾನದ ವೇಗ ಗಂಟೆಗೆ 140 ನಾಟಿಕಲ್ ಮೈಲಿ ಎಂದಿಟ್ಟುಕೊಂಡರೆ 3 ಮೈಲಿಯ ಅಂತರಕ್ಕೆ 77 ಸೆಕೆಂಡ್. ಆದರೆ ಎರಡು ಇಳಿಯುವಿಕೆಗಳ ನಡುವೆ ಒಂದನ್ನು ಹಾರಿಸಬೇಕಾದರೆ ಸುಮಾರು 6 ಮೈಲಿ ಬೇಕು, ಅಂದರೆ 154 ಸೆಕೆಂಡ್. ಗಂಟೆಗೆ ಇಪ್ಪತ್ತಮೂರು ಇಳಿಯುತ್ತವೆ, ಇಪ್ಪತ್ತಮೂರು ಏರುತ್ತವೆ.

ಮಾವ ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಈ ಲೆಕ್ಕವನ್ನು ಅವರಿಗೆ ವಿವರಿಸಿದಾಗ, ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮೇಜು ಎಷ್ಟಿದೆ ಎಂಬುದು ಮುಖ್ಯವಲ್ಲ, ಎಲೆ ಎತ್ತಿ ಒರೆಸಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಮುಖ್ಯ ಎಂದರು. ರನ್‌ವೇಯ ವಿಷಯದಲ್ಲಿ ಇದು ಅಕ್ಷರಶಃ ನಿಜ: ಹಿಂದಿನ ವಿಮಾನ ಇಳಿದು ಪಕ್ಕದ ದಾರಿಗೆ ತಿರುಗುವ ತನಕ ಮುಂದಿನದಕ್ಕೆ ಜಾಗವಿಲ್ಲ. ನಾನು ಪಾಠಗಳಲ್ಲಿ ಓದಿ ನಂಬಿದ್ದದ್ದು ಬೇರೆ. ಬೋಯಿಂಗ್ 777ರಂಥ ಭಾರಿ ವಿಮಾನದ ರೆಕ್ಕೆ ಎಬ್ಬಿಸುವ ಸುಳಿಗಾಳಿಯಿಂದಾಗಿ ಅದರ ಹಿಂದೆ ಬರುವ ಏರ್‌ಬಸ್ ಎ320ಯಂಥ ಮಧ್ಯಮ ವಿಮಾನ 5 ಮೈಲಿ ಹಿಂದಿರಬೇಕು, ಆದ್ದರಿಂದ ಇಳಿಯುವವರ ಸರದಿಯನ್ನು ಜಾಣತನದಿಂದ ಜೋಡಿಸಿದರೆ ಸಾಮರ್ಥ್ಯ ಹೆಚ್ಚುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ವಿಚಾರ. ಆದರೆ ಇಲ್ಲಿ ನಡುವೆ ಹಾರಿಸಲೆಂದು ಹೇಗೂ 6 ಮೈಲಿ ಬಿಟ್ಟಿರುವಾಗ ಆ 5 ಮೈಲಿಯ ನಿಯಮಕ್ಕೆ ಕೆಲಸವೇ ಇಲ್ಲ. ನೋವಿರುವುದು ಏರುವ ಕಡೆ, ಅದೂ ಎರಡನ್ನು ಬೆನ್ನುಬೆನ್ನಿಗೆ ಹಾರಿಸಬೇಕಾದಾಗ: ಭಾರಿ ವಿಮಾನ ಹಾರಿದ ಮೇಲೆ ಅದೇ ರನ್‌ವೇಯಿಂದ ಮಧ್ಯಮ ವಿಮಾನ ಎರಡು ನಿಮಿಷ ಕಾಯಬೇಕು. ಇಳಿಯುವವರ ಸರದಿಯನ್ನು ಏರುವವರ ಸರದಿಗೆ ತಕ್ಕಂತೆ ಹೇಗೆ ಹೆಣೆಯುವುದು ಎಂಬುದೇ ಕೊನೆಗೆ ನನ್ನ ಪ್ರಬಂಧದ ಪ್ರಶ್ನೆಯಾಯಿತು.

ಸರದಿ ಜೋಡಿಸುವ ಈ ವಿಚಾರಕ್ಕೆ ಬುನಾದಿ ಹಾಕಿದ್ದೂ ಒಬ್ಬ ಸಂಶೋಧನಾ ವಿದ್ಯಾರ್ಥಿಯೇ. ರೋಜರ್ ಡಿಯರ್ 1976ರಲ್ಲಿ ಅಮೆರಿಕದ ಎಂಐಟಿಗೆ ಒಪ್ಪಿಸಿದ ಪಿಎಚ್.ಡಿ. ಪ್ರಬಂಧದಲ್ಲಿ, ಮೊದಲು ಬಂದವರಿಗೆ ಮೊದಲು ಎಂಬ ಕ್ರಮದಿಂದ ಯಾವ ವಿಮಾನವನ್ನೂ ಕೆಲವೇ ಸ್ಥಾನಗಳಿಗಿಂತ ಹೆಚ್ಚು ಆಚೀಚೆ ಸರಿಸಬಾರದು ಎಂಬ ಮಿತಿಯನ್ನು ಮುಂದಿಟ್ಟ. ಮೂರು ದಶಕಗಳ ನಂತರ ಅದೇ ಮಿತಿಯೊಳಗೆ ವೇಗವಾಗಿ ಉತ್ತರ ಹುಡುಕುವ ಕ್ರಮವಿಧಿಗಳನ್ನು ಬೆಳೆಸಿದವರಲ್ಲಿ, ಮದ್ರಾಸ್ ಐಐಟಿಯಲ್ಲಿ ಓದಿ ಈಗ ಎಂಐಟಿಯಲ್ಲಿರುವ ಹಂಸ ಬಾಲಕೃಷ್ಣನ್ ಒಬ್ಬರು. ಕ್ಯಾಲಿಫೋರ್ನಿಯಾದ ನಾಸಾ ಏಮ್ಸ್ ಸಂಶೋಧನಾ ಕೇಂದ್ರದಲ್ಲಿ ಹೈಂಟ್ಸ್ ಎರ್ಟ್ಸ್‌ಬರ್ಗರ್ ತಂಡ ಇಂಥ ವಿಚಾರಗಳನ್ನು ನಿಯಂತ್ರಕರ ಪರದೆಯವರೆಗೆ ತಂದಿತು. ಇಂದು ಈ ವಿಷಯದಲ್ಲಿ ಸಂಶೋಧನೆಗೆ ಹೊರಡುವವರು ಡೆಲ್ಫ್ಟ್, ಫ್ರಾನ್ಸಿನ ತುಲೂಸಿನಲ್ಲಿರುವ ವಿಮಾನಯಾನ ವಿಶ್ವವಿದ್ಯಾಲಯ ಎನಾಕ್, ಎಂಐಟಿಗಳ ಹೆಸರನ್ನು ಮೊದಲು ಹೇಳುತ್ತಾರೆ. ಹತ್ತಿರದಲ್ಲಿ ಪೊವಾಯಿಯ ಐಐಟಿಯಲ್ಲಿ ವೈಮಾಂತರಿಕ್ಷ ವಿಭಾಗವೂ ಕಾರ್ಯಾಚರಣೆ ಸಂಶೋಧನೆಯ ವಿಭಾಗವೂ ಇವೆ. ವಿದೇಶದ ಒಂದು ಪ್ರಯೋಗಾಲಯಕ್ಕೆ ನಾನು ಬರೆದ ಪತ್ರಕ್ಕೆ ಉತ್ತರ ಬಂದದ್ದು ಅಂಕಪಟ್ಟಿಯ ಕಾರಣಕ್ಕಲ್ಲ, ಲಗತ್ತಿಸಿದ್ದ ಆ ಎತ್ತರದ ತಿದ್ದುಪಡಿಯ ಎರಡು ಪುಟಗಳ ಕಾರಣಕ್ಕೆ; ಪ್ರೊಫೆಸರರ ಮೊದಲ ಪ್ರಶ್ನೆಯೇ ಉಷ್ಣತೆಯ ಬಗ್ಗೆ ಇತ್ತು. 2025ರ ಅಕ್ಟೋಬರಿನಲ್ಲಿ ನವಿ ಮುಂಬೈ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲಂತೂ ಕೆಲಸಕ್ಕೆ ಬರವಿಲ್ಲ. ಅದರ 08/26 ರನ್‌ವೇ ನಮ್ಮ 09/27ಕ್ಕೆ ಬಹುತೇಕ ಸಮಾನಾಂತರ, ಎರಡರ ನಡುವಿನ ನೇರ ದೂರ ಸುಮಾರು 25 ಕಿಲೊಮೀಟರ್; ಇಬ್ಬರಿಗೂ ಇರುವುದು ಒಂದೇ ಆಕಾಶ. ಅದನ್ನು ಹೇಗೆ ಹಂಚಿಕೊಳ್ಳುವುದೆಂಬ ಪ್ರಶ್ನೆಯೊಳಗೆ ಎಷ್ಟೋ ಪ್ರಬಂಧಗಳು ಕುಳಿತಿವೆ.

ನನ್ನ ಪ್ರಶ್ನೆಗೆ ಒಂದು ಕೊಂಡಿ ಮಾತ್ರ ಕಳಚಿತ್ತು. ಅಸಲ್ಫಾ ಗುಡ್ಡದ ಹಿಂದೆ ವಿಮಾನ ಮುನ್ನೂರು ಅಡಿಗಿಂತ ಕೆಳಗಿಳಿದ ಮೇಲೆ ತಾರಸಿಯ ಆಂಟೆನಾಗೆ ಅದು ಕೇಳಿಸುವುದಿಲ್ಲ. ಎಲೆ ಎತ್ತುವ ಹೊತ್ತು ತಿಳಿಯಬೇಕಾದರೆ ನೆಲದ ಮೇಲಿನ ಸಂದೇಶಗಳೇ ಬೇಕು. ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಎಂ.ಎ. ಓದುತ್ತಿರುವ ಗೆಳೆಯನೊಬ್ಬ ಕಲಿನಾದಲ್ಲಿ, ರನ್‌ವೇಯಿಂದ ಕೂಗಳತೆಯಲ್ಲಿ, ಕೋಣೆ ಹಿಡಿದಿದ್ದಾನೆ. ಪಂಪನ ಸಾಲುಗಳ ನಡುವೆಯೂ ವಿಮಾನ ಹಾದುಹೋಗುತ್ತದೆ ಎಂದು ಗೊಣಗುವವನು. ಅವನ ಕಿಟಕಿಗೆ ಎರಡನೆಯ ಪೆಟ್ಟಿಗೆ ಕಟ್ಟಿದೆ. ಬಾಡಿಗೆಯಾಗಿ ವಾರಕ್ಕೊಮ್ಮೆ ಮಾವನ ಕೈಯ ನೀರುದೋಸೆ ಗೊತ್ತಾಯಿತು.

ಮೊದಲ ಸಂಜೆ ಬಿಡಿಸಿದ ಸ್ಥಾನಗಳೆಲ್ಲ ಪೆಸಿಫಿಕ್ ಸಾಗರದ ನಡುವೆ ಬಿದ್ದಿದ್ದವು. ನೆಲದ ಸಂದೇಶದಲ್ಲಿ ಸ್ಥಾನವನ್ನು ಇನ್ನೂ ಇಕ್ಕಟ್ಟಾಗಿ ಅಡಕಿಸಿರುವುದರಿಂದ ರೇಖಾಂಶಕ್ಕೆ 90 ಡಿಗ್ರಿ ಅಂತರದಲ್ಲಿ ನಾಲ್ಕು ಉತ್ತರಗಳಿರುತ್ತವೆ. ರಿಸೀವರ್ ಎಲ್ಲಿದೆಯೆಂದು ಹೇಳಿಕೊಟ್ಟರಷ್ಟೇ ಸರಿಯಾದದ್ದನ್ನು ಆರಿಸಬಹುದು. ಕಲಿನಾದ ಅಕ್ಷಾಂಶ ರೇಖಾಂಶಗಳನ್ನು ತುಂಬಿದ ಕೂಡಲೇ ಒಂದು ಎ320 ರನ್‌ವೇಯ ಮೇಲೆ ಕಾಣಿಸಿಕೊಂಡು, ವೇಗ ಕಳೆದುಕೊಳ್ಳುತ್ತಾ, ಪಕ್ಕದ ದಾರಿಗೆ ತಿರುಗಿತು. ಅದರ ಹೊತ್ತನ್ನು ತಾರಸಿಯ ದಾಖಲೆಯೊಂದಿಗೆ ಹೊಂದಿಸಿದಾಗ ವಿಮಾನ ಬಾಗಿಲನ್ನು ದಾಟುವ ಮೊದಲೇ ನೆಲ ಮುಟ್ಟಿತ್ತು. ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿ ಗಡಿಯಾರವಿಲ್ಲ, ಗೆಳೆಯನ ಕೋಣೆಯಲ್ಲಿ ಇಂಟರ್‌ನೆಟ್ ನಿಲ್ಲುವುದಿಲ್ಲ. ವಿದ್ಯುತ್ ಹೋಗಿಬಂದಾಗಲೆಲ್ಲ ಆ ಪೆಟ್ಟಿಗೆ ಹಳೆಯ ಹೊತ್ತಿನಿಂದ ಎಣಿಕೆ ಶುರು ಮಾಡುತ್ತದೆ. ಎರಡಕ್ಕೂ ಜಿಪಿಎಸ್ ಮಾಡ್ಯೂಲ್ ತರಿಸಿದ್ದೇನೆ. ಘಾಟ್‌ಕೋಪರಿನದಕ್ಕೆ ಬೆಸುಗೆ ಮುಗಿದಿದೆ. ಕಲಿನಾದ್ದು ಬರುವ ಭಾನುವಾರ, ದೋಸೆಯ ಜೊತೆಗೆ.